ಹಿರೋಶಿಮಾ, ನಾಗಸಾಕಿ: "ಬಾಂಬ್ ಹಾಕದಿದ್ದರೆ ಯುದ್ಧ ನಿಲ್ಲುತ್ತಿರಲಿಲ್ಲ" ಅನ್ನುವ ವಾದ ಎಷ್ಟು ಗಟ್ಟಿ?

ಕಡತದ ಹುಳ

ಪ್ರತಿ ಆಗಸ್ಟ್‌ನಲ್ಲೂ ಈ ಜಗಳ ಎದ್ದು 15ನೇ ತಾರೀಕಿನ ಹೊತ್ತಿಗೆ ತಣ್ಣಗಾಗುತ್ತೆ. ಒಂದು ಗುಂಪು "ಬಾಂಬ್ ಹಾಕಿ ಹತ್ತು ಲಕ್ಷ ಜೀವ ಉಳಿಸಿದರು" ಅನ್ನುತ್ತೆ, ಇನ್ನೊಂದು "ಸೋತು ಸುಣ್ಣವಾಗಿದ್ದ ದೇಶದ ಮೇಲೆ ಹಾಕಿದರು" ಅನ್ನುತ್ತೆ. ಎರಡೂ ಕಡೆಯವರು ಕಡತ ಬಿಚ್ಚಿ ನೋಡಿದ ಹಾಗೆ ಕಾಣಲ್ಲ. ಮೊದಲು ಆ ಹತ್ತು ಲಕ್ಷದ ಲೆಕ್ಕ ನೋಡೋಣ.

ಆ ಸಂಖ್ಯೆ ಜನರ ಬಾಯಿಗೆ ಬಂದದ್ದು ಯುದ್ಧ ಮುಗಿದು ಒಂದೂವರೆ ವರ್ಷವಾದ ಮೇಲೆ. 1947ರ ಫೆಬ್ರವರಿಯಲ್ಲಿ, ಯುದ್ಧಕಾಲದಲ್ಲಿ ಅಮೆರಿಕದ ಸಮರ ಕಾರ್ಯದರ್ಶಿಯಾಗಿದ್ದ ಹೆನ್ರಿ ಸ್ಟಿಮ್ಸನ್ ಹೆಸರಲ್ಲಿ ಹಾರ್ಪರ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಜಪಾನ್ ನೆಲಕ್ಕೆ ಇಳಿದರೆ ಅಮೆರಿಕದ ಪಡೆಗಳಲ್ಲೇ ಹತ್ತು ಲಕ್ಷಕ್ಕೂ ಮಿಕ್ಕಿ ಸಾವುನೋವು ಆಗಬಹುದು ಎಂದು ತಮಗೆ ತಿಳಿಸಿದ್ದರು ಅಂತ ಅದರಲ್ಲಿತ್ತು. ಗಮನಿಸಿ, ಅದು ಸಾವುನೋವು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿ. ಬಾಯಿಂದ ಬಾಯಿಗೆ ಬರುವಾಗ ಅದು "ಹತ್ತು ಲಕ್ಷ ಸಾವು" ಆಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂಗೆ.

1945ರ ಜೂನ್ 18ರಂದು ಶ್ವೇತಭವನದಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಎದುರು ನಡೆದ ಸಭೆಗೆಂದು ಜಂಟಿ ಯುದ್ಧ ಯೋಜನಾ ಸಮಿತಿ ಬರೆದ ಟಿಪ್ಪಣಿಯಲ್ಲಿ ಇದ್ದದ್ದೇ ಬೇರೆ. ಜಪಾನಿನ ದಕ್ಷಿಣದ ದ್ವೀಪ ಕ್ಯೂಶೂವಿನ ದಕ್ಷಿಣ ಭಾಗ, ಆಮೇಲೆ ಟೋಕಿಯೋ ಬಯಲು, ಎರಡೂ ಸೇರಿ 40,000 ಸಾವು, 1,50,000 ಗಾಯಾಳು, 3,500 ಕಾಣೆ. ಒಟ್ಟು 1,93,500.

ಇದರಿಂದ ಬಾಂಬ್ ತಪ್ಪು ಅಂತ ಸಾಬೀತಾಗಲ್ಲ, 40,000 ಸಾವೇನು ಸಣ್ಣದಲ್ಲ. ನನ್ನ ತಕರಾರು ಬೇರೆ. "ಬಾಂಬ್ ಅಥವಾ ದಂಡಯಾತ್ರೆ, ಎರಡರಲ್ಲಿ ಒಂದು ಆರಿಸಿ" ಅನ್ನುವ ಪ್ರಶ್ನೆಯನ್ನು ಆ ಬೇಸಿಗೆಯಲ್ಲಿ ಯಾರೂ ಟ್ರೂಮನ್ ಮುಂದೆ ಇಟ್ಟಿರಲಿಲ್ಲ. ಕಡಲ ದಿಗ್ಬಂಧನ, ಬೆಂಕಿ ಬಾಂಬ್, ಅಣುಬಾಂಬ್, ರಷ್ಯಾದ ಪ್ರವೇಶ ಎಲ್ಲವೂ ಒಟ್ಟೊಟ್ಟಿಗೆ ನಡೆಯಲಿ, ಅದರ ಮೇಲೆ ನವೆಂಬರ್ 1ಕ್ಕೆ ಕ್ಯೂಶೂ, 1946ರ ಮಾರ್ಚ್ 1ಕ್ಕೆ ಟೋಕಿಯೋ ಇರುವ ಹೊನ್ಶೂ ದ್ವೀಪ ಅಂತ ಯೋಜನೆ ಹಾಕಿಕೊಂಡಿದ್ದರು. ಆ ಎರಡು ಆಯ್ಕೆಯ ಚೌಕಟ್ಟು 1947ರ ಲೇಖನದ್ದು. ನಾವು ಇವತ್ತಿಗೂ ಅದರೊಳಗೇ ಕೂತು ವಾದ ಮಾಡ್ತಿದ್ದೀವಿ.

ಬರ್ಮಾ ದಾರಿ

@ಕಡತದ ಹುಳ, ಜೂನ್ ಲೆಕ್ಕ ಸರಿ ಸರ್. ಆದರೆ ಜೂನ್‌ನಲ್ಲೇ ನಿಲ್ಲಿಸಿದರೆ ಆಗಲ್ಲ. ಆ ಸಭೆಯಲ್ಲಿ ನವೆಂಬರ್ ಹೊತ್ತಿಗೆ ಕ್ಯೂಶೂನಲ್ಲಿ ಜಪಾನಿ ಸೈನಿಕರು ಸುಮಾರು ಮೂರೂವರೆ ಲಕ್ಷ ಇರಬಹುದು ಅಂದುಕೊಂಡಿದ್ದರು. ಜಪಾನಿ ಗುಪ್ತಲಿಪಿ ಒಡೆದು ಓದುತ್ತಿದ್ದ ಅಮೆರಿಕನ್ನರಿಗೆ ಆಗಸ್ಟ್ ಮೊದಲ ವಾರಕ್ಕೇ ಗೊತ್ತಾಗಿತ್ತು, ಅಲ್ಲಿ ಐದು ಲಕ್ಷ ದಾಟಿದೆ, ಇನ್ನೂ ಬರ್ತಿದ್ದಾರೆ ಅಂತ. ಎಲ್ಲಿ ಇಳಿಯುತ್ತಾರೆ ಅನ್ನುವುದನ್ನು ಜಪಾನ್ ಸೇನೆ ಭೂಪಟ ನೋಡಿಯೇ ಊಹಿಸಿತ್ತು. ಆ ಕಡಲತೀರಗಳನ್ನು ಬಿಟ್ಟರೆ ವಿಮಾನ ನಿಲ್ದಾಣ ಕಟ್ಟುವಂಥ ಜಾಗ ಬೇರೆ ಇರಲಿಲ್ಲ.

ಎರಡನೇ ಮಾತು. ಈ ಚರ್ಚೆಯಲ್ಲಿ ಯಾವಾಗಲೂ ಇಬ್ಬರೇ ಇರ್ತಾರೆ: ಅಮೆರಿಕದ ಸೈನಿಕ, ಜಪಾನಿನ ನಾಗರಿಕ. ಚೀನಾ, ಇಂಡೋನೇಷ್ಯಾ, ಫಿಲಿಪೀನ್ಸ್, ವಿಯೆಟ್ನಾಂ ಜನ ಎಲ್ಲಿ ಹೋದರು? ವಿಯೆಟ್ನಾಂ ಉತ್ತರದಲ್ಲಿ 1945ರ ಕ್ಷಾಮಕ್ಕೆ ಸತ್ತವರನ್ನು ನಾಲ್ಕು ಲಕ್ಷದಿಂದ ಇಪ್ಪತ್ತು ಲಕ್ಷದವರೆಗೆ ಅಂದಾಜು ಮಾಡ್ತಾರೆ. ಯುದ್ಧ ಒಂದೊಂದು ತಿಂಗಳು ಮುಂದುವರಿದಾಗಲೂ ಆಕ್ರಮಿತ ಏಷ್ಯಾದಲ್ಲಿ ಸಾಯುತ್ತಿದ್ದವರು ಯಾವ ತಕ್ಕಡಿಯಲ್ಲೂ ಬೀಳಲ್ಲ.

ನಮ್ಮವರೂ ಇದ್ದರು. 1942ರ ಫೆಬ್ರವರಿಯಲ್ಲಿ ಸಿಂಗಾಪುರ ಬಿದ್ದಾಗ ಸೆರೆಯಾದವರಲ್ಲಿ ಮೈಸೂರು ಸಂಸ್ಥಾನದ ಪದಾತಿ ದಳವೂ ಒಂದು. ಅಂಡಮಾನ್ ಜಪಾನ್ ಕೈಯಲ್ಲಿತ್ತು. ಮಲಯಾ ತೀರಕ್ಕೆ ಭಾರತೀಯ ಡಿವಿಷನ್‌ಗಳನ್ನು ಇಳಿಸುವ 'ಜಿಪ್ಪರ್' ಕಾರ್ಯಾಚರಣೆ ಸೆಪ್ಟೆಂಬರ್‌ಗೆ ನಿಗದಿಯಾಗಿತ್ತು. ಶರಣಾಗತಿಯ ನಂತರ, ಸೆಪ್ಟೆಂಬರ್ 9ರಂದು, ಎದುರಾಳಿಯೇ ಇಲ್ಲದೆ ಇಳಿದರು. ಆಗಲೂ ಮೋರಿಬ್ ತೀರದಲ್ಲಿ ಗಾಡಿಗಳು ಕೆಸರಿನಲ್ಲಿ ಹೂತು ನಿಂತವು. ದಡದಲ್ಲಿ ಗುಂಡು ಹಾರಿಸುವವರು ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡಿ.

ಸುಮ್ನೆ ಕೇಳ್ದೆ

ಒಂದು ದಡ್ಡ ಪ್ರಶ್ನೆ. ಜನ ಇಲ್ಲದ ದ್ವೀಪದ ಮೇಲೆ ಒಂದು ಹಾಕಿ ತೋರಿಸಿದ್ದರೆ ಆಗ್ತಿರಲಿಲ್ವಾ?

ಅರ್ಧಾಯುಷ್ಯ

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಬಾಂಬ್ ಮಾಡಿದವರೇ ಕೇಳಿದ್ದು ಇದನ್ನು. ಶಿಕಾಗೋದ ವಿಜ್ಞಾನಿಗಳು ಜೇಮ್ಸ್ ಫ್ರಾಂಕ್ ನೇತೃತ್ವದಲ್ಲಿ 1945ರ ಜೂನ್ 11ರಂದು ಕೊಟ್ಟ ವರದಿಯಲ್ಲಿ, ಮರುಭೂಮಿಯಲ್ಲೋ ಬರಡು ದ್ವೀಪದಲ್ಲೋ ಎಲ್ಲ ರಾಷ್ಟ್ರಗಳ ಪ್ರತಿನಿಧಿಗಳ ಎದುರು ಪ್ರದರ್ಶನ ಮಾಡಿ ಅಂದಿದ್ದರು. ಐದೇ ದಿನಕ್ಕೆ, ಜೂನ್ 16ಕ್ಕೆ, ಆಪನ್‌ಹೈಮರ್, ಫರ್ಮಿ, ಲಾರೆನ್ಸ್, ಕಾಂಪ್ಟನ್ ಇದ್ದ ಸಲಹಾ ಮಂಡಳಿ "ಯುದ್ಧ ನಿಲ್ಲಿಸುವಂಥ ಯಾವ ಪ್ರದರ್ಶನವೂ ನಮಗೆ ಹೊಳೆಯುತ್ತಿಲ್ಲ" ಎಂದಿತು. ಜುಲೈ 17ರಂದು ಭೌತವಿಜ್ಞಾನಿ ಲಿಯೋ ಸಿಲಾರ್ಡ್ 70 ಜನರ ಸಹಿ ಹಾಕಿಸಿದ ಮನವಿ ಟ್ರೂಮನ್ ಕೈಗೆ ತಲುಪಲೇ ಇಲ್ಲ.

ಬೇಡ ಅಂದದ್ದಕ್ಕೆ ಕೊಟ್ಟ ಕಾರಣಗಳು: ಠುಸ್ ಆದರೆ ಮಾನ ಹೋಗುತ್ತೆ, ಜಾಗ ಮೊದಲೇ ಹೇಳಿದರೆ ಅಲ್ಲಿಗೆ ಯುದ್ಧಕೈದಿಗಳನ್ನು ತಂದು ಕೂರಿಸಬಹುದು, ನೋಡಲು ಬಂದವರು ವಾಪಸ್ ಹೋಗಿ ಹೇಳಿದರೂ ಸೇನಾಧಿಕಾರಿಗಳು ನಂಬದಿರಬಹುದು. ಎಲ್ಲಕ್ಕಿಂತ ಮುಖ್ಯ, ದಾಸ್ತಾನು.

ಆ ದಾಸ್ತಾನು ಎಷ್ಟಿತ್ತು ಅಂತ ಹೇಳ್ತೀನಿ, ಇದು ಅನೇಕರಿಗೆ ಗೊತ್ತಿರಲ್ಲ. ಹಿರೋಶಿಮಾದ 'ಲಿಟಲ್ ಬಾಯ್' ಯುರೇನಿಯಂ ಬಾಂಬ್. ಅದರಲ್ಲಿ 64 ಕೆಜಿ ಸಂವರ್ಧಿತ ಯುರೇನಿಯಂ ಇತ್ತು. ಅಷ್ಟು ವರ್ಷದ ಉತ್ಪಾದನೆಯೆಲ್ಲ ಹೆಚ್ಚೂಕಡಿಮೆ ಆ ಒಂದರಲ್ಲೇ ಖರ್ಚು. ಅದರಲ್ಲಿ ನಿಜವಾಗಿ ವಿದಳನವಾದದ್ದು (ಪರಮಾಣು ಒಡೆದು ಶಕ್ತಿ ಬಿಟ್ಟದ್ದು) ಒಂದು ಕೆಜಿಗೂ ಕಡಿಮೆ. ಒಂದು ತುಂಡನ್ನು ಇನ್ನೊಂದಕ್ಕೆ ಹೊಡೆಯುವ ತೋಪಿನ ತತ್ವದ ಸರಳ ವಿನ್ಯಾಸ, ಹಾಗಾಗಿ ಮೊದಲೇ ಪರೀಕ್ಷೆ ಮಾಡಲಿಲ್ಲ. ಮಾಡೋಣ ಅಂದರೂ ಯುರೇನಿಯಂ ಇರಲಿಲ್ಲ. ಜುಲೈ 16ರಂದು ನ್ಯೂ ಮೆಕ್ಸಿಕೋದಲ್ಲಿ ಪರೀಕ್ಷಿಸಿದ್ದು ಪ್ಲುಟೋನಿಯಂ ಬಾಂಬನ್ನು. ನಾಗಸಾಕಿಗೆ ಬಿದ್ದದ್ದು ಅದೇ ಜಾತಿಯದು, ಪ್ಲುಟೋನಿಯಂ ಸುಮಾರು 6.2 ಕೆಜಿ. ಆಗಸ್ಟ್ 6ರ ಬೆಳಿಗ್ಗೆ ಅಮೆರಿಕದ ಕೈಯಲ್ಲಿದ್ದ ಸಿದ್ಧ ಬಾಂಬ್ ಎರಡೇ.

ಆದರೆ ನನಗನ್ನಿಸೋದು, ಪ್ರದರ್ಶನದ ಪ್ರಶ್ನೆ ಮುಂದಿಟ್ಟುಕೊಂಡು ಅದಕ್ಕಿಂತ ಸುಲಭದ ಇನ್ನೊಂದು ಪ್ರಶ್ನೆಯನ್ನು ಮರೆಸಿಬಿಡ್ತಾರೆ: ಎಚ್ಚರಿಕೆ ಯಾಕೆ ಕೊಡಲಿಲ್ಲ? ನೌಕಾ ಉಪಕಾರ್ಯದರ್ಶಿ ರಾಲ್ಫ್ ಬಾರ್ಡ್ ಜೂನ್ 27ರಂದು ಎರಡು ಮೂರು ದಿನ ಮುಂಚೆ ಸೂಚನೆ ಕೊಡಿ ಅಂತ ಬರೆದುಕೊಟ್ಟಿದ್ದರು. ಅದಕ್ಕೆ ದಾಸ್ತಾನು ಬೇಕಿರಲಿಲ್ಲ. ಅಣುಬಾಂಬ್ ವಿಷಯ ಹೇಳುವ ಕರಪತ್ರಗಳನ್ನು ಉದುರಿಸಿದ್ದು ಹಿರೋಶಿಮಾ ಸುಟ್ಟ ಮೇಲೆ. ನಾಗಸಾಕಿಗೆ ಅವು ಬಿದ್ದದ್ದು ಆಗಸ್ಟ್ 10ಕ್ಕೆ. ಊರು ಹೋಗಿ ಒಂದು ದಿನ ಆಗಿತ್ತು.

ಕಡತದ ಹುಳ

ಗುರಿ ಹೇಗೆ ಆರಿಸಿದರು ಅನ್ನೋದನ್ನು ಇಲ್ಲೇ ಸೇರಿಸ್ತೀನಿ, ಯಾಕೆಂದರೆ ನೈತಿಕ ಪ್ರಶ್ನೆ ಇರುವುದು ಅಲ್ಲಿ.

ಗುರಿ ಸಮಿತಿ ಮೇ 10 ಮತ್ತು 11ರಂದು, ಬಾಂಬ್ ತಯಾರಾಗುತ್ತಿದ್ದ ಲಾಸ್ ಅಲಮೋಸ್‌ನಲ್ಲಿ ಕೂತು ಚರ್ಚಿಸಿದ ಊರುಗಳು ಕ್ಯೋಟೋ, ಹಿರೋಶಿಮಾ, ಯೊಕೊಹಾಮಾ, ಕೊಕುರಾ, ನೀಗಾಟಾ. ಹಿರೋಶಿಮಾ ಬಗ್ಗೆ ನಡಾವಳಿಯಲ್ಲಿ ಏನಿದೆ ಅಂದರೆ, ಸೇನಾ ಉಗ್ರಾಣ ಇದೆ, ಬಂದರು ಇದೆ, ಸುತ್ತ ಗುಡ್ಡಗಳಿವೆ, ಅವುಗಳಿಂದ ಸ್ಫೋಟದ ಹೊಡೆತ ಒಂದೆಡೆ ಕೇಂದ್ರೀಕರಿಸಿ ಹಾನಿ ಹೆಚ್ಚಬಹುದು. ನದಿಗಳು ಇರುವುದರಿಂದ ಬೆಂಕಿ ಬಾಂಬಿಗೆ ಒಳ್ಳೆಯ ಗುರಿಯಲ್ಲ. ಆಮೇಲೆ ಯೊಕೊಹಾಮಾ ಬಿಟ್ಟು ಪಟ್ಟಿಯ ಉಳಿದ ಊರುಗಳನ್ನು ಮಾಮೂಲಿ ಬಾಂಬ್ ದಾಳಿಯಿಂದ ಬಿಟ್ಟುಬಿಟ್ಟರು. ಹೊಸ ಬಾಂಬ್ ಏನು ಮಾಡುತ್ತೆ ಅಂತ ಅಳೆಯಬೇಕಾದರೆ ಊರು ಇಡಿಯಾಗಿರಬೇಕು. ಅಲ್ಲಿನ ಜನ ನಮ್ಮೂರು ಯಾಕೋ ಬಚಾವಾಗಿದೆ ಅಂದುಕೊಂಡರು.

ಅಣುಬಾಂಬ್ ಬಗ್ಗೆ ಸಲಹೆ ಕೊಡಲು ಮಾಡಿದ ಮಧ್ಯಂತರ ಸಮಿತಿಯ ಮೇ 31ರ ಸಭೆಯಲ್ಲಿ ಸ್ಟಿಮ್ಸನ್, ನಾಗರಿಕ ಪ್ರದೇಶದ ಮೇಲೆ ದಾಳಿ ಕೇಂದ್ರೀಕರಿಸಬಾರದು ಅಂದರು. ಅದೇ ಉಸಿರಿನಲ್ಲಿ, ತುಂಬ ಕಾರ್ಮಿಕರಿರುವ, ಸುತ್ತ ಕಾರ್ಮಿಕರ ಮನೆಗಳು ಒತ್ತಾಗಿರುವ ಯುದ್ಧ ಕಾರ್ಖಾನೆ ತಕ್ಕ ಗುರಿ ಅನ್ನುವುದನ್ನೂ ಒಪ್ಪಿದರು. ಎರಡು ವಾಕ್ಯವನ್ನೂ ಪಕ್ಕಪಕ್ಕ ಇಟ್ಟು ಓದಿ.

ಇನ್ನು ಆಗಸ್ಟ್ 6. ಗುರಿಯಾಗಿ ಇಟ್ಟದ್ದು ಕಾರ್ಖಾನೆಯನ್ನೂ ಅಲ್ಲ, ಬಂದರನ್ನೂ ಅಲ್ಲ. ಊರ ನಡುವಿನ, ಇಂಗ್ಲಿಷ್ ಟಿ ಅಕ್ಷರದ ಆಕಾರದ ಅಯೋಯಿ ಸೇತುವೆ. ಮೇಲಿಂದ ಸ್ಪಷ್ಟವಾಗಿ ಕಾಣುತ್ತೆ ಅಂತ. ಅದು ತಪ್ಪಿ ಸುಮಾರು 240 ಮೀಟರ್ ಆಚೆ, ಶೀಮಾ ಆಸ್ಪತ್ರೆಯ ಮೇಲೆ, ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು. ನೆಲಕ್ಕೆ ಬಡಿದು ಸಿಡಿದರೆ ಹೊಡೆತದ ಒಂದು ಪಾಲು ಹಳ್ಳ ತೋಡುವುದಕ್ಕೇ ಹೋಗುತ್ತೆ. ಗಾಳಿಯಲ್ಲಿ ಸಿಡಿದರೆ ಮನೆಗಳಂಥ ಹಗುರ ಕಟ್ಟಡಗಳು ವಿಶಾಲ ಪ್ರದೇಶದಲ್ಲಿ ಬೀಳುತ್ತವೆ. ಎತ್ತರ ಆರಿಸಿದ್ದು ಅದಕ್ಕೇ.

ಅಮೆರಿಕದ್ದೇ ಬಾಂಬ್ ದಾಳಿ ಸಮೀಕ್ಷೆ 1946ರಲ್ಲಿ ಏನು ಹೇಳಿತು ಅಂದರೆ, ಹಿರೋಶಿಮಾದ ದೊಡ್ಡ ಕಾರ್ಖಾನೆಗಳು ಊರಾಚೆ ಇದ್ದದ್ದರಿಂದ ಹೆಚ್ಚೇನೂ ಕೆಡಲಿಲ್ಲ. ಊರಿನ ಉತ್ಪಾದನೆಯ 74 ಶೇಕಡಾ ಅವುಗಳದ್ದು. ಅಲ್ಲಿನ ಕಾರ್ಮಿಕರಲ್ಲಿ 94 ಶೇಕಡಾ ಜನಕ್ಕೆ ಗಾಯವಾಗಲಿಲ್ಲ. ಯುದ್ಧ ಮುಂದುವರಿದಿದ್ದರೆ 30 ದಿನದಲ್ಲಿ ಮಾಮೂಲಿ ಉತ್ಪಾದನೆ ಶುರುವಾಗಬಹುದಿತ್ತು.

ಬರ್ಮಾ ದಾರಿ

ಆದರೆ ಹಿರೋಶಿಮಾ ಬರೀ ಊರಲ್ಲ ಸರ್. ಪಶ್ಚಿಮ ಜಪಾನಿನ ರಕ್ಷಣೆಯ ಹೊಣೆ ಹೊತ್ತಿದ್ದ ಎರಡನೇ ಮಹಾಸೇನೆಯ ಕಚೇರಿ ಅಲ್ಲಿತ್ತು, ಫೀಲ್ಡ್ ಮಾರ್ಷಲ್ ಹಾಟಾ ಅಲ್ಲಿದ್ದರು. ಕ್ಯೂಶೂ ಯುದ್ಧ ನಡೆಸಬೇಕಾದದ್ದೇ ಆ ಕಚೇರಿ. ಊರಲ್ಲಿ ಸುಮಾರು 40,000 ಸೈನಿಕರಿದ್ದರು. ಕೋಟೆಯ ಆವರಣದಲ್ಲಿ ಕವಾಯತು ಮಾಡುತ್ತಿದ್ದವರು ಅಲ್ಲೇ ಸುಟ್ಟುಹೋದರು.

ಟೋಕಿಯೋ ಸಮಯ

@ಬರ್ಮಾ ದಾರಿ, ಸೈನಿಕರಿದ್ದರು, ನಿಜ. ಆದರೆ ಆ ಬೆಳಗಿನ ಗಡಿಯಾರ ನೋಡಿ. 7:09ಕ್ಕೆ, ಹವಾಮಾನ ನೋಡಿಕೊಂಡು ಹೋಗಲು ಬಂದ ಒಂಟಿ ವಿಮಾನ ಕಂಡು ಸೈರನ್ ಕೂಗಿತು. 7:31ಕ್ಕೆ ಅಪಾಯವಿಲ್ಲ ಅಂತ ಸಾರಿದರು. ಜನ ಆಶ್ರಯದಿಂದ ಹೊರಬಂದು ಕೆಲಸಕ್ಕೆ ಹೊರಟರು. ಬೆಂಕಿ ಹರಡದಂತೆ ಊರ ನಡುವೆ ಖಾಲಿ ಪಟ್ಟಿಗಳನ್ನು ಮಾಡುವುದಕ್ಕೆ ಸಾಲು ಮನೆಗಳನ್ನು ಕೆಡವುತ್ತಿದ್ದರು. ಹೆಂಚು, ಮರ ಹೊತ್ತು ಸಾಗಿಸುವ ಕೆಲಸಕ್ಕೆ ಹನ್ನೆರಡು ಹದಿಮೂರು ವರ್ಷದ ಶಾಲಾ ಮಕ್ಕಳನ್ನು ಹಚ್ಚಿದ್ದರು. 8:15ಕ್ಕೆ ಅವರೆಲ್ಲ ಬಯಲಲ್ಲಿ, ತೆಳು ಬೇಸಿಗೆ ಬಟ್ಟೆಯಲ್ಲಿ ಇದ್ದರು. ಆ ಮಕ್ಕಳಲ್ಲೇ ಸತ್ತವರು ಆರು ಸಾವಿರದ ಆಸುಪಾಸು. ವರ್ಷ ಮುಗಿಯುವಷ್ಟರಲ್ಲಿ ಊರಲ್ಲಿ ಸತ್ತವರು ಸುಮಾರು 1,40,000, ಹತ್ತು ಸಾವಿರ ಆಚೀಚೆ. ಅದರಲ್ಲಿ ದುಡಿಮೆಗೆ ಎಳೆದುತಂದಿದ್ದ ಕೊರಿಯನ್ನರು ಸಾವಿರಾರು, ಅಮೆರಿಕದ್ದೇ ಯುದ್ಧಕೈದಿಗಳು 12.

ಟ್ರೂಮನ್ ಜುಲೈ 25ರ ದಿನಚರಿಯಲ್ಲಿ, ಹೆಂಗಸರು ಮಕ್ಕಳಲ್ಲ, ಸೈನಿಕ ನೆಲೆ ಮತ್ತು ಸೈನಿಕರೇ ಗುರಿಯಾಗಬೇಕು ಅಂತ ಸ್ಟಿಮ್ಸನ್‌ಗೆ ಹೇಳಿದ್ದೇನೆ ಎಂದು ಬರೆದುಕೊಂಡಿದ್ದರು. ಆಗಸ್ಟ್ 9ರ ರೇಡಿಯೋ ಭಾಷಣದಲ್ಲೂ ಹಿರೋಶಿಮಾವನ್ನು ಸೇನಾ ನೆಲೆ ಅಂದರು. ಆತ ನಿಜವಾಗಿ ಹಾಗೆ ನಂಬಿದ್ದರೋ, ತನಗೆ ತಾನೇ ಹೇಳಿಕೊಂಡದ್ದೋ ಅನ್ನೋದರ ಬಗ್ಗೆ ಇತಿಹಾಸಕಾರರು ಈಗಲೂ ಕಿತ್ತಾಡ್ತಾರೆ.

ಸುಮ್ನೆ ಕೇಳ್ದೆ

ಹಾಗಾದರೆ ಜಪಾನ್ ಶರಣಾದದ್ದು ಬಾಂಬಿಗೋ ರಷ್ಯಾಕ್ಕೋ? ಒಂದು ಸಾಲಲ್ಲಿ ಹೇಳಿ ಪ್ಲೀಸ್.

ಟೋಕಿಯೋ ಸಮಯ

ಒಂದು ಸಾಲಲ್ಲಿ ಹೇಳಿದವರೇ ಈ ಗೊಂದಲ ಮಾಡಿಟ್ಟದ್ದು. ಕಾಗೆ ಕೂತಿದ್ದಕ್ಕೆ ಟೊಂಗೆ ಮುರೀತೋ, ಟೊಂಗೆ ಆಗಲೇ ಮುರಿಯೋ ಹಾಗಿತ್ತೋ ಅಂತ ತಿಳಿಯಬೇಕಾದರೆ ಗಂಟೆ ಗಂಟೆಯಾಗಿ ನೋಡಬೇಕು.

ನಿರ್ಧಾರ ಮಾಡಬೇಕಾದವರು ಆರು ಜನ: ಪ್ರಧಾನಿ ಸುಝುಕಿ, ವಿದೇಶಾಂಗ ಸಚಿವ ತೋಗೋ, ಸೇನಾ ಸಚಿವ ಅನಾಮಿ, ನೌಕಾ ಸಚಿವ ಯೊನಾಯ್, ಇಬ್ಬರು ದಂಡನಾಯಕರು ಉಮೆಝು ಮತ್ತು ತೊಯೋಡಾ. ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ಆಗಸ್ಟ್ 8ರಂದು ತೋಗೋ ಚಕ್ರವರ್ತಿಯನ್ನು ಕಂಡಾಗ, ಇಂಥ ಆಯುಧ ಬಂದ ಮೇಲೆ ಬೇಗ ಮುಗಿಸಿ ಅನ್ನುವ ಮಾತು ಬಂತು. ಅವತ್ತೇ ಸಭೆ ಸೇರಬೇಕಿತ್ತು, ಒಬ್ಬ ಸದಸ್ಯರು ಸಿಗಲಿಲ್ಲ ಅಂತ ಮರುದಿನಕ್ಕೆ ಹೋಯಿತು. ಆ ರಾತ್ರಿ ಕಳೆಯುವಷ್ಟರಲ್ಲಿ ಸೋವಿಯತ್ ಸೇನೆ, ಒಟ್ಟು ಸುಮಾರು 15 ಲಕ್ಷ ಜನ, ಮಂಚೂರಿಯಾ ಗಡಿ ದಾಟಲು ಶುರುಮಾಡಿತ್ತು.

9ರ ಬೆಳಿಗ್ಗೆ 10:30ಕ್ಕೆ ಆರೂ ಜನ ಕೂತರು. ಸಭೆ ನಡೆಯುತ್ತಿರುವಾಗಲೇ ನಾಗಸಾಕಿ ಸುದ್ದಿ ಬಂತು. ಆದರೂ ಮೂರಕ್ಕೆ ಮೂರು. ತೋಗೋ ಕಡೆಯವರಿಗೆ ಒಂದೇ ಷರತ್ತು, ಚಕ್ರವರ್ತಿ ಪೀಠ ಉಳಿಯಬೇಕು. ಅನಾಮಿ ಕಡೆಯವರಿಗೆ ಇನ್ನೂ ಮೂರು ಬೇಕು: ಪರಸೇನೆಯ ಆಡಳಿತ ಬೇಡ, ಶಸ್ತ್ರ ನಾವೇ ಕೆಳಗಿಡ್ತೀವಿ, ಯುದ್ಧಾಪರಾಧ ವಿಚಾರಣೆ ನಾವೇ ಮಾಡ್ತೀವಿ. ಎರಡು ಬಾಂಬ್ ಬಿದ್ದು, ರಷ್ಯಾ ನುಗ್ಗಿದ ಮೇಲೂ ಮೂರಕ್ಕೆ ಮೂರು! "ಆಗಲೇ ಶರಣಾಗಲು ತಯಾರಿದ್ದರು" ಅನ್ನುವವರು ಈ ಸಭೆಯನ್ನು ದಾಟಿ ಹೋಗೋ ಹಾಗಿಲ್ಲ.

ಮಧ್ಯರಾತ್ರಿ ಹೊತ್ತಿಗೆ ಅರಮನೆಯ ನೆಲಮಾಳಿಗೆಯಲ್ಲಿ ಚಕ್ರವರ್ತಿ ಎದುರು ಸಭೆ. ನಸುಕಿನ ಎರಡರ ಸುಮಾರಿಗೆ ಸುಝುಕಿ ಎದ್ದು ತೀರ್ಮಾನವನ್ನು ನೇರ ಚಕ್ರವರ್ತಿಗೇ ಬಿಟ್ಟರು. ಹಿರೋಹಿತೋ ತೋಗೋ ಪರ ನಿಂತರು.

ಇನ್ನು ಅವರದೇ ಮಾತು. ಆಗಸ್ಟ್ 15ರಂದು ಪ್ರಜೆಗಳಿಗೆ ಓದಿದ ಘೋಷಣೆಯಲ್ಲಿ 'ಅತಿ ಕ್ರೂರವಾದ ಹೊಸ ಬಾಂಬ್' ಇದೆ, ರಷ್ಯಾದ ಹೆಸರಿಲ್ಲ. ಆಗಸ್ಟ್ 17ರಂದು ಸೈನಿಕರಿಗೆ ಕೊಟ್ಟದ್ದರಲ್ಲಿ ರಷ್ಯಾ ಇದೆ, ಬಾಂಬ್ ಇಲ್ಲ. ಯಾರಿಗೆ ಯಾವ ಕಾರಣ ಹೇಳಿದರೆ ಮುಖ ಉಳಿಯುತ್ತೋ ಅದನ್ನು ಹೇಳಿದರು.

ಈ ತಮಾಷೆಯನ್ನೂ ಕೇಳಿ, ತಮಾಷೆ ಅನ್ನೋಕೂ ಸಂಕಟ. ಸೆರೆಸಿಕ್ಕ ಒಬ್ಬ ಅಮೆರಿಕನ್ ಪೈಲಟ್ ಚಿತ್ರಹಿಂಸೆ ತಾಳಲಾರದೆ "ನಮ್ಮಲ್ಲಿ ನೂರು ಬಾಂಬ್ ಇವೆ, ಮುಂದಿನದು ಟೋಕಿಯೋ" ಅಂದುಬಿಟ್ಟ. ಅವನಿಗೆ ಅಣುಬಾಂಬ್ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಆ ಸುಳ್ಳನ್ನು ಅನಾಮಿ ಸಚಿವ ಸಂಪುಟದ ಮುಂದೆ ಇಟ್ಟರು. ನಾಗಸಾಕಿಯ ನಂತರ ಸಿದ್ಧವಾಗಿದ್ದ ಬಾಂಬ್ ಎಷ್ಟು ಅಂತ @ಅರ್ಧಾಯುಷ್ಯ ಮೇಲೆ ಬರೆದ ಲೆಕ್ಕದಿಂದ ನೀವೇ ಕಳೆದುಕೊಳ್ಳಿ.

ಪೂರ್ವಪಕ್ಷ

ಇಷ್ಟು ಹೊತ್ತು ಎಲ್ಲರೂ "ಕೆಲಸ ಮಾಡಿತೋ ಇಲ್ಲವೋ" ಅಂತ ಚರ್ಚಿಸಿದಿರಿ. "ಮಾಡಬಹುದಿತ್ತೋ ಇಲ್ಲವೋ" ಅನ್ನುವುದು ಬೇರೆ ಪ್ರಶ್ನೆ. ಬಾಂಬ್ ಒಂದರಿಂದಲೇ ಯುದ್ಧ ನಿಂತಿತು ಅಂತ ನಾಳೆ ನೂರಕ್ಕೆ ನೂರು ಸಾಬೀತಾದರೂ ಎರಡನೆಯ ಪ್ರಶ್ನೆ ಹಾಗೇ ಉಳಿಯುತ್ತೆ.

ಒಂದು ಪರೀಕ್ಷೆ ಇದೆ. ಬಾಂಬ್ ಬೀಳುವ ಕ್ಷಣದಲ್ಲಿ ಊರಿನ ನಾಗರಿಕರೆಲ್ಲ ಮಾಯವಾಗಿ ಸುರಕ್ಷಿತ ಜಾಗಕ್ಕೆ ಹೋಗಿಬಿಟ್ಟರು ಅಂದುಕೊಳ್ಳಿ. ಹಾಕಿದವನಿಗೆ ಸಂತೋಷ ಆಗುತ್ತೋ, ಅಯ್ಯೋ ಕೆಲಸ ಕೆಟ್ಟಿತು ಅನ್ನಿಸುತ್ತೋ? ಸೇನಾ ಕಾರ್ಖಾನೆಯ ಮೇಲೆ ಹಾಕಿದವನಿಗೆ ಸಂತೋಷ. ಅವನ ಗುರಿ ಯಂತ್ರ. ಆದರೆ ಗುರಿ ಸಮಿತಿ ಬಯಸಿದ್ದು ಜಪಾನಿನ ಮೇಲೆ ಆದಷ್ಟು ದೊಡ್ಡ ಮಾನಸಿಕ ಪರಿಣಾಮ. ಖಾಲಿ ಊರಿನಿಂದ ಅದು ಆಗಲ್ಲ. ಅಲ್ಲಿ ಸಾವು ಪಕ್ಕದ ಹಾನಿ ಆಗಿರಲಿಲ್ಲ, ಸಾವೇ ಸಾಧನ. ಮೂರನೆಯವರ ಮನಸ್ಸು ಬದಲಿಸುವುದಕ್ಕೆ ಇವರನ್ನು ಕೊಲ್ಲುವುದು ಒತ್ತೆಯಾಳಿನ ತರ್ಕ.

ತತ್ವಶಾಸ್ತ್ರಜ್ಞೆ ಎಲಿಜಬೆತ್ ಆನ್‌ಸ್ಕೋಂಬ್ 1956ರಲ್ಲಿ ಆಕ್ಸ್‌ಫರ್ಡ್ ಟ್ರೂಮನ್‌ಗೆ ಗೌರವ ಪದವಿ ಕೊಡುವುದನ್ನು ವಿರೋಧಿಸಿದ್ದು ಈ ನೆಲೆಯಲ್ಲೇ. ಜೊತೆಗೆ ನಿಂತವರು ಬೆರಳೆಣಿಕೆಯಷ್ಟು ಜನ. ದಂಡಯಾತ್ರೆಯ ಸಾವಿನ ಲೆಕ್ಕವನ್ನು ಆಕೆ ಅಲ್ಲಗಳೆಯಲಿಲ್ಲ, ಅನಿವಾರ್ಯ ಅನ್ನಿಸುವ ಹಾಗೆ ಮಾಡಿದ್ದು ಏನು ಅಂತ ಕೇಳಿದರು. ಆಕೆಯ ಉತ್ತರ, ಬೇಷರತ್ ಶರಣಾಗತಿಯ ಹಠ. ಸ್ಟಿಮ್ಸನ್ ಕಡೆಯ ಕರಡಿನಲ್ಲಿ ಸಾಂವಿಧಾನಿಕ ರಾಜಪೀಠ ಉಳಿಯಬಹುದು ಅನ್ನುವ ಮಾತಿತ್ತು. ಶರಣಾಗಿ ಅಂತ ಜಪಾನಿಗೆ ಹೇಳಿದ ಜುಲೈ 26ರ ಪಾಟ್ಸ್‌ಡ್ಯಾಮ್ ಘೋಷಣೆಯಲ್ಲಿ ಅದನ್ನು ತೆಗೆದುಹಾಕಿದರು. ಕೊನೆಗೆ ಚಕ್ರವರ್ತಿ ಉಳಿದೇ ಉಳಿದರು.

ಬರ್ಮಾ ದಾರಿ

@ಪೂರ್ವಪಕ್ಷ, ಷರತ್ತು ಸಡಿಲಿಸಿದ್ದರೆ ಜುಲೈನಲ್ಲೇ ಮುಗಿಯುತ್ತಿತ್ತು ಅನ್ನೋದಕ್ಕೆ ಆಧಾರ ತೆಳು. ಮಾಸ್ಕೋದಲ್ಲಿದ್ದ ಜಪಾನಿ ರಾಯಭಾರಿ ಸಾಟೋ, ರಾಜಮನೆತನ ಉಳಿಸುವ ಷರತ್ತಿನ ಮೇಲೆ ಒಪ್ಪಿಕೊಳ್ಳೋಣ ಅಂತ ಟೋಕಿಯೋಗೆ ತಂತಿ ಕಳಿಸಿದ್ದರು. ಜುಲೈ 21ರಂದು ತೋಗೋ ಕೊಟ್ಟ ಉತ್ತರ, ಬೇಷರತ್ ಶರಣಾಗತಿ ಯಾವ ಸಂದರ್ಭದಲ್ಲೂ ಸಾಧ್ಯವಿಲ್ಲ. ಪೀಠ ಉಳಿದರೆ ಸಾಕು ಅಂತ ಅದರಲ್ಲಿಲ್ಲ. ಅಮೆರಿಕನ್ನರು ಈ ತಂತಿಗಳನ್ನೆಲ್ಲ ಓದುತ್ತಿದ್ದರು.

ಇನ್ನು ನಿಮ್ಮ ಪರೀಕ್ಷೆಗೆ ನನ್ನದೊಂದು ಮರುಪರೀಕ್ಷೆ. ಬಾಂಬ್ ಬೇಡ, ದಂಡಯಾತ್ರೆಯೂ ಬೇಡ, ಸುತ್ತುಗಟ್ಟಿ ಕೂರೋಣ. ಮಾರ್ಚ್‌ನಿಂದಲೇ ಜಪಾನಿನ ಬಂದರುಗಳಿಗೆ ವಿಮಾನದಿಂದ ನೆಲಬಾಂಬಿನಂಥ ಕಡಲಬಾಂಬ್ ಉದುರಿಸುತ್ತಿದ್ದರು. ಆ ಕಾರ್ಯಾಚರಣೆಗೆ ಇಟ್ಟ ಹೆಸರೇ 'ಹಸಿವು'. ದಿಗ್ಬಂಧನದಲ್ಲಿ ಮೊದಲು ಸಾಯೋದು ಕೂಸು, ಮುದುಕರು. ಸೈನಿಕನಿಗೆ ಕೊನೆಯ ಹಿಡಿ ಅಕ್ಕಿ ಸಿಕ್ಕೇ ಸಿಗುತ್ತೆ. ನಿಮ್ಮ ತತ್ವಕ್ಕೆ ಇದು ಶುದ್ಧವೇ?

ಪೂರ್ವಪಕ್ಷ

ಅಲ್ಲ. ಊರಿಗೆ ಊರೇ ಹಸಿವಿನಿಂದ ಸಾಯಲಿ ಅಂತ ಮುತ್ತಿಗೆ ಹಾಕುವುದೂ ಅದೇ ಒತ್ತೆಯಾಳು ತರ್ಕ, ನಿಧಾನಗತಿಯದು. ನೀವು ತೋರಿಸಿದ್ದು ನನ್ನ ತತ್ವದ ದೋಷವಲ್ಲ, 1945ರ ಬೇಸಿಗೆಯ ಹೊತ್ತಿಗೆ ಮೇಜಿನ ಮೇಲೆ ಶುದ್ಧ ಆಯ್ಕೆ ಉಳಿದಿರಲಿಲ್ಲ ಅನ್ನುವುದನ್ನು. ಅದನ್ನು ಒಪ್ತೀನಿ. ಮಾರ್ಚ್ 9-10ರ ರಾತ್ರಿ ಟೋಕಿಯೋ ಮೇಲೆ 279 ವಿಮಾನಗಳು 1,665 ಟನ್ ಬೆಂಕಿ ಬಾಂಬ್ ಸುರಿದು ಸುಮಾರು ಒಂದು ಲಕ್ಷ ಜನರನ್ನು ಕೊಂದ ಮೇಲೆ, ಗೆರೆ ಎಲ್ಲಿತ್ತು ಅಂತ ಹುಡುಕುವುದೇ ಕಷ್ಟ. ಹಿರೋಶಿಮಾದಲ್ಲಿ ಯಾರೂ ಹೊಸ ಗೆರೆ ದಾಟಲಿಲ್ಲ, ಗೆರೆ ಮಾರ್ಚ್‌ನಲ್ಲೇ ಅಳಿಸಿತ್ತು.

ಕಲಂ 25

ಕಾನೂನಿನ ಭಾಗ ಚಿಕ್ಕದಾಗಿ. ರಕ್ಷಣೆಯಿಲ್ಲದ ಊರಿನ ಮೇಲೆ ದಾಳಿ ಮಾಡಬಾರದು ಅಂತ 1907ರ ಹೇಗ್ ನಿಯಮಾವಳಿಯ 25ನೇ ಕಲಂ ಹೇಳುತ್ತೆ. ವಿಮಾನ ದಾಳಿಗೆಂದೇ ಪ್ರತ್ಯೇಕ ಒಪ್ಪಂದ ಆಗ ಜಾರಿಯಲ್ಲಿರಲಿಲ್ಲ. ಯುದ್ಧದ ನಂತರ ನಡೆದ ನ್ಯೂರೆಂಬರ್ಗ್, ಟೋಕಿಯೋ ಯುದ್ಧಾಪರಾಧ ವಿಚಾರಣೆಗಳಲ್ಲಿ ಊರು ಸುಡುವ ಬಾಂಬ್ ದಾಳಿಯನ್ನು ಯಾರ ಮೇಲೂ ಮುಖ್ಯ ಆರೋಪವಾಗಿ ಹೊರಿಸಲಿಲ್ಲ. ಹೊರಿಸಿದರೆ ಗೆದ್ದವರು ತಮಗೆ ತಾವೇ ಕನ್ನಡಿ ಹಿಡಿದಂತಾಗುತ್ತಿತ್ತು. ಟೋಕಿಯೋ ನ್ಯಾಯಮಂಡಳಿಯಲ್ಲಿದ್ದ ನಮ್ಮ ರಾಧಾಬಿನೋದ್ ಪಾಲ್ 1948ರ ಭಿನ್ನಮತದ ತೀರ್ಪಿನಲ್ಲಿ ಅದನ್ನೇ ಎತ್ತಿದರು. ಪೆಸಿಫಿಕ್ ಯುದ್ಧದಲ್ಲಿ ನಾಝಿ ನಾಯಕರ ಆದೇಶಗಳಿಗೆ ಹತ್ತಿರ ಬರುವಂಥದ್ದು ಏನಾದರೂ ಇದ್ದರೆ ಅದು ಅಣುಬಾಂಬ್ ನಿರ್ಧಾರ ಅಂದರು. ಆದರೆ ಈ ಒಂದು ಮಾತು ಹಿಡಿದು ಜಪಾನ್ ನಿರಪರಾಧಿ ಅನ್ನುವವರು ಪೂರ್ತಿ ಓದಲ್ಲ. ಚೀನಾದ ನಾನ್‌ಜಿಂಗ್‌ನಲ್ಲಿ ಜಪಾನಿ ಸೇನೆ ನಡೆಸಿದ ಕ್ರೌರ್ಯಗಳ ಸಾಕ್ಷ್ಯ ಅಗಾಧವಾಗಿದೆ ಅಂತಲೂ ಪಾಲ್ ಬರೆದಿದ್ದಾರೆ.

1963ರ ಡಿಸೆಂಬರ್ 7ರಂದು ಟೋಕಿಯೋ ಜಿಲ್ಲಾ ನ್ಯಾಯಾಲಯ, ಸಂತ್ರಸ್ತರು ಹೂಡಿದ ಶಿಮೋಡಾ ಮೊಕದ್ದಮೆಯಲ್ಲಿ, ಎರಡೂ ದಾಳಿ ಅಂತಾರಾಷ್ಟ್ರೀಯ ಕಾನೂನಿಗೆ ವಿರುದ್ಧ ಅಂದಿತು. ಪರಿಹಾರ ಕೇಳುವ ಹಕ್ಕು ಮಾತ್ರ ಅರ್ಜಿದಾರರಿಗಿಲ್ಲ ಅಂತ ವಜಾ ಮಾಡಿತು.

ಅಣ್ವಸ್ತ್ರ ಬಳಕೆ ಕಾನೂನುಬದ್ಧವೇ ಅನ್ನುವ ಬಗ್ಗೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 1996ರ ಜುಲೈ 8ರಂದು ಕೊಟ್ಟ ಸಲಹಾ ಅಭಿಪ್ರಾಯದಲ್ಲಿ 7-7 ಸಮಬಲವಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ, ದೇಶದ ಉಳಿವೇ ಪ್ರಶ್ನೆಯಾದ ಸ್ವರಕ್ಷಣೆಯಲ್ಲಿ ಏನು ಅನ್ನುವುದನ್ನು ತೀರ್ಮಾನಿಸದೆ ಬಿಟ್ಟರು. ಯಾವ ಸಂದರ್ಭದಲ್ಲೂ ಸಲ್ಲದು ಅಂತ ಭಿನ್ನಮತ ಬರೆದ ಶ್ರೀಲಂಕಾದ ನ್ಯಾಯಮೂರ್ತಿ ವೀರಮಂತ್ರಿ ರಾಮಾಯಣವನ್ನು ಉಲ್ಲೇಖಿಸಿದ್ದಾರೆ. ಇಂದ್ರಜಿತುವಿನ ಮಾಯಾಯುದ್ಧಕ್ಕೆ ಸಿಟ್ಟಾದ ಲಕ್ಷ್ಮಣ ರಾಕ್ಷಸಕುಲವನ್ನೇ ಅಳಿಸುವ ಅಸ್ತ್ರ ಹೂಡಲು ಹೊರಟಾಗ ರಾಮ ತಡೆಯುವ ಪ್ರಸಂಗ. ವಾಲ್ಮೀಕಿಯಲ್ಲಿ ರಾಮ ಕೊಡುವ ಕಾರಣ ನೋಡಿ: ಒಬ್ಬನಿಗಾಗಿ ಎಲ್ಲರನ್ನೂ ಕೊಲ್ಲಬಾರದು, ಯುದ್ಧ ಮಾಡದವನನ್ನು, ಅಡಗಿದವನನ್ನು, ಕೈಮುಗಿದವನನ್ನು, ಓಡುತ್ತಿರುವವನನ್ನು ಕೊಲ್ಲಬಾರದು. ಯಕ್ಷಗಾನ ನೋಡುವವರಿಗೆ ಇಂದ್ರಜಿತು ಗೊತ್ತು, ಈ ಮಾತು ಹೇಗ್‌ನ ತೀರ್ಪಿನ ಪುಟ ಸೇರಿದ್ದು ಗೊತ್ತಿರಲ್ಲ.

ಅರ್ಧಾಯುಷ್ಯ

ನಾಗಸಾಕಿಯನ್ನು ಎಲ್ಲರೂ ಬಾಲಂಗೋಚಿ ಮಾಡಿಬಿಟ್ಟಿರಿ. ಮೊದಲನೆಯದಕ್ಕೆ ಏನು ಸಮರ್ಥನೆ ಕೊಟ್ಟರೂ ಎರಡನೆಯದಕ್ಕೆ ಬೇರೆಯದೇ ಬೇಕಾಗುತ್ತೆ. ಎರಡನೇ ಬಾಂಬಿಗೆ ಎರಡನೇ ಆದೇಶ ಇರಲಿಲ್ಲ. ಜುಲೈ 25ರ ಒಂದೇ ಆದೇಶ: ಆಗಸ್ಟ್ 3ರ ನಂತರ ಹವಾಮಾನ ಕೂಡಿಬಂದಾಗ ಮೊದಲನೆಯದು, ಆಮೇಲೆ ತಯಾರಾದ ಹಾಗೆ ಉಳಿದವು. ಅಂದರೆ ಎರಡನೆಯದರ ದಿನ ಗೊತ್ತುಮಾಡಿದ್ದು ಬಾಂಬ್ ವಿಮಾನಗಳು ಹೊರಡುತ್ತಿದ್ದ ಟಿನಿಯನ್ ದ್ವೀಪದಲ್ಲಿ ಬಾಂಬ್ ಜೋಡಣೆ ಮತ್ತು ಮೋಡದ ಮುನ್ಸೂಚನೆ. 11ಕ್ಕೆ ಅಂದುಕೊಂಡಿದ್ದನ್ನು, ಐದು ದಿನ ಹವಾ ಕೆಡುತ್ತೆ ಅಂತ 9ಕ್ಕೆ ತಂದರು. ಟೋಕಿಯೋ ಮೊದಲನೆಯದರ ಬಗ್ಗೆ ಯೋಚಿಸಿ ಮುಗಿಸಿತೇ ಅಂತ ನೋಡುವ ಹಂತವೇ ಆ ವ್ಯವಸ್ಥೆಯಲ್ಲಿರಲಿಲ್ಲ. ನಿಶಿನಾ ಎಂಬ ಭೌತವಿಜ್ಞಾನಿ ಹಿರೋಶಿಮಾಗೆ ಹೋಗಿ ಇದು ಅಣುಬಾಂಬೇ ಅಂತ ಖಚಿತಪಡಿಸಿದ್ದು 8ರಂದು.

ಹಾರಾಟ ಪೂರ್ತಿ ಎಡವಟ್ಟು. ಹೊರಡುವ ಮೊದಲೇ ಬಾಂಬ್ ಹೊತ್ತ ಬಾಕ್ಸ್‌ಕಾರ್ ವಿಮಾನದ ಇಂಧನ ಪಂಪು ಕೆಟ್ಟು, ಹಿಂದಿನ ಟ್ಯಾಂಕಿನ ಸುಮಾರು 2,400 ಲೀಟರ್ ಬಳಸಲಾಗದೆ ಬರೀ ಹೊರೆಯಾಯಿತು. ಯಾಕುಶಿಮಾ ದ್ವೀಪದ ಮೇಲೆ ಜೊತೆ ವಿಮಾನಕ್ಕಾಗಿ 15 ನಿಮಿಷ ಕಾಯಬೇಕಾದವರು 40 ನಿಮಿಷ ಸುತ್ತಿದರು, ಅದು ಬರಲೇ ಇಲ್ಲ. ಮೊದಲ ಗುರಿ ಕೊಕುರಾ ಮೇಲೆ ಮೂರು ಸಲ ಹಾದರೂ ಹೊಗೆ ಮೋಡದಲ್ಲಿ ಗುರಿ ಕಾಣಲಿಲ್ಲ. ಹಿಂದಿನ ದಿನ ಪಕ್ಕದ ಯವಾಟಾ ಮೇಲೆ ಬೆಂಕಿ ಬಾಂಬ್ ಬಿದ್ದಿತ್ತು. ಇಂಧನ ಮುಗಿಯುತ್ತಾ ಬಂದಾಗ ನಾಗಸಾಕಿಗೆ ತಿರುಗಿದರು. ಅಲ್ಲೂ ಮೋಡ. ಕಣ್ಣಿಗೆ ಕಂಡರೆ ಮಾತ್ರ ಹಾಕಬೇಕು ಅಂತ ಆದೇಶ. ರಾಡಾರ್ ಹಿಡಿದು ಬಂದು, ಕೊನೆ ಗಳಿಗೆಯಲ್ಲಿ ಮೋಡದಲ್ಲಿ ಕಿಂಡಿ ಸಿಕ್ಕಿತು ಅಂತ ಬಾಂಬ್ ಬಿಟ್ಟರು. 11:02. ಗುರಿಯಿಂದ ಮೂರು ಕಿಲೋಮೀಟರ್‌ನಷ್ಟು ದೂರ, ಉರಾಕಾಮಿ ಕಣಿವೆಯಲ್ಲಿ. ವಿಪರ್ಯಾಸ ಏನು ಅಂದರೆ, ತಪ್ಪಿದ್ದರಿಂದ ಮಿತ್ಸುಬಿಷಿ ಶಸ್ತ್ರ ಕಾರ್ಖಾನೆಗಳು ಸಿಕ್ಕವು, ಜೊತೆಗೆ ದೊಡ್ಡ ಕ್ಯಾಥೊಲಿಕ್ ಇಗರ್ಜಿಯೂ ಅದರ ಸುತ್ತಲಿನ ಕೇರಿಯೂ. ಶಕ್ತಿ ಹಿರೋಶಿಮಾದ್ದಕ್ಕಿಂತ ಹೆಚ್ಚು, ಸುಮಾರು 21 ಕಿಲೋಟನ್. ಆದರೂ ಗುಡ್ಡಗಳು ಅಡ್ಡ ನಿಂತು ಊರಿನ ಉಳಿದ ಭಾಗವನ್ನು ಕಾದವು. ಸತ್ತವರು ವರ್ಷಾಂತ್ಯಕ್ಕೆ 70,000ದ ಸುತ್ತಮುತ್ತ. ವಿಮಾನ ಟಿನಿಯನ್‌ಗೆ ಹಿಂತಿರುಗುವಷ್ಟು ಇಂಧನವಿಲ್ಲದೆ ಒಕಿನಾವಾದಲ್ಲಿ ಇಳಿಯಿತು.

ಸುಮ್ನೆ ಕೇಳ್ದೆ

ಮೂರನೆಯದು ಇತ್ತಾ?

ಕಡತದ ಹುಳ

ತಯಾರಾಗ್ತಿತ್ತು. ಆಗಸ್ಟ್ 10ರಂದು ಅಣುಬಾಂಬ್ ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್, 17 ಅಥವಾ 18ರ ನಂತರ ಹವಾಮಾನ ನೋಡಿ ಹಾಕಬಹುದು ಅಂತ ಅಮೆರಿಕದ ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್‌ಗೆ ಬರೆದರು. ಅದೇ ಪತ್ರದ ಕೆಳಗೆ ಮಾರ್ಷಲ್ ಕೈಬರಹದಲ್ಲಿ, ಅಧ್ಯಕ್ಷರ ಸ್ಪಷ್ಟ ಅನುಮತಿ ಇಲ್ಲದೆ ಜಪಾನ್ ಮೇಲೆ ಹಾಕಬಾರದು ಅಂತ ಸೇರಿಸಿದರು. ಅಲ್ಲಿವರೆಗೆ ಈ ವಾಕ್ಯ ಯಾವ ಆದೇಶದಲ್ಲೂ ಇರಲಿಲ್ಲ. ಅವತ್ತೇ ಟ್ರೂಮನ್ ಸಚಿವ ಸಂಪುಟದಲ್ಲಿ, ಇನ್ನೊಂದು ಲಕ್ಷ ಜನರನ್ನು ಅಳಿಸುವ ಯೋಚನೆಯೇ ಭೀಕರ, ಆ ಮಕ್ಕಳನ್ನೆಲ್ಲ ಕೊಲ್ಲುವುದು ತನಗಿಷ್ಟವಿಲ್ಲ ಅಂದರೆಂದು ಸಂಪುಟದ ಸದಸ್ಯ ಹೆನ್ರಿ ವ್ಯಾಲೇಸ್ ದಿನಚರಿಯಲ್ಲಿದೆ. ಮೇಲೆ @ಟೋಕಿಯೋ ಸಮಯ ಕೊಟ್ಟ ಆಗಸ್ಟ್ 9ರ 'ಸೇನಾ ನೆಲೆ' ಮಾತಿಗೂ ಇದಕ್ಕೂ ನಡುವೆ ಇರೋದು ಒಂದು ದಿನ.

ಮಾಮೂಲಿ ದಾಳಿ ಮಾತ್ರ ನಿಲ್ಲಲಿಲ್ಲ. 14ರ ರಾತ್ರಿ ಕುಮಗಾಯಾ ಊರು ಸುಟ್ಟಿತು, ಮರುದಿನ ಮಧ್ಯಾಹ್ನ ಶರಣಾಗತಿ.

ಅರ್ಧಾಯುಷ್ಯ

ಆ ಮೂರನೆಯದರ ಪ್ಲುಟೋನಿಯಂ ಗೋಳ, ಅದೂ 6.2 ಕೆಜಿ, ಲಾಸ್ ಅಲಮೋಸ್ ಬಿಟ್ಟು ಹೊರಡಲೇ ಇಲ್ಲ. ಆಗಸ್ಟ್ 21ರ ರಾತ್ರಿ ಅಲ್ಲಿನ ಭೌತವಿಜ್ಞಾನಿ ಹ್ಯಾರಿ ಡಾಗ್ಲಿಯನ್ ಅದರ ಸುತ್ತ ನ್ಯೂಟ್ರಾನ್ ಪ್ರತಿಫಲಿಸುವ ಇಟ್ಟಿಗೆ ಜೋಡಿಸುತ್ತಿದ್ದಾಗ ಒಂದು ಕೈಜಾರಿ ಅದರ ಮೇಲೆಯೇ ಬಿತ್ತು. ವಿಕಿರಣ ತಗುಲಿ 25 ದಿನಕ್ಕೆ ತೀರಿಕೊಂಡರು. 1946ರ ಮೇ 21ರಂದು ಅದೇ ಗೋಳದ ಮೇಲೆ ಲೂಯಿ ಸ್ಲಾಟಿನ್ ಕೈಯ ಸ್ಕ್ರೂಡ್ರೈವರ್ ಜಾರಿತು. ಅವರು ಒಂಬತ್ತು ದಿನ ಬದುಕಿದ್ದರು.